ದೇ ಲೈಕ್, ಸಾರ್

ಹೋದ ತಿಂಗಳು ಆಫೀಸಿನಲ್ಲಿ ಟೀಮ್ ಔಟಿಂಗ್ ಎಲ್ಲಿಗೆ ಅನ್ನೋ ಚರ್ಚೆ ನಡೀತಾ ಇತ್ತು. ರೆಸಾರ್ಟ್ ಬೇಡ, ಈ ಸಲ ಟ್ರೆಕ್ಕಿಂಗ್ ಹೋಗೋಣ ಅಂತ ಪುಣೆಯ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ಸಾವನದುರ್ಗ. ನಮ್ಮ ಹಿತ್ತಿಲಿನಲ್ಲಿ ಬಚ್ಚಲು ಒಲೆಗೆ ಸೌದೆ ಹಾಕ್ತಾ ತಲೆ ಎತ್ತಿದರೆ ಕಾಣೋ ಬೆಟ್ಟ. "ಇದು ನಿಮ್ಮೂರ ಕಡೆ ಅಲ್ವಾ, ನೀವೇ ಗೈಡು" ಅಂದರು ಎಲ್ಲರೂ. ನಾನು ನಕ್ಕು ಸುಮ್ಮನಾದೆ. ಆ ಬೆಟ್ಟದ ತುದಿಯಲ್ಲಿ ಒಂದು ನಂದಿ ಇದೆ. ಈಗ ಪ್ರತಿ ಭಾನುವಾರ ಬೆಂಗಳೂರಿನಿಂದ ಬರೋ ನೂರಾರು ಜನ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ತಾರೆ. ಅದರ ನೆರಳಲ್ಲೇ ಹುಟ್ಟಿ ಬೆಳೆದ ನಾನು ಮಾತ್ರ ಇವತ್ತಿನವರೆಗೂ ಆ ನಂದಿಯನ್ನು ನೋಡಿಲ್ಲ. ಒಂದೇ ಸಲ ಹತ್ತಿದ್ದು, ಅದೂ ಅರ್ಧ. ಆವತ್ತಿನ ಕತೆ ಇದು.

2000ನೇ ಇಸವಿ, ನಾನು ಒಂಬತ್ತನೇ ಕ್ಲಾಸು. ಆ ವರ್ಷ ನಮ್ಮ ಶಾಲೆಗೆ ವಾರಕ್ಕೆ ಎರಡು ದಿನ ಇಂಗ್ಲೆಂಡಿನವರೊಬ್ಬರು ಪಾಠ ಮಾಡೋಕೆ ಬರ್ತಿದ್ದರು. ಒಂದು ವರ್ಷದ ಮಟ್ಟಿಗೆ ಮಾಗಡಿಯಲ್ಲಿ ಇರೋಕೆ ಬಂದವರು. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು ಇದ್ದಿರಬೇಕು. ಈಗ ನಮ್ಮ ಟೀಮಿಗೆ ಸೇರೋ ಫ್ರೆಶರ್‌ಗಳನ್ನು ನೋಡಿದಾಗ, ಅಯ್ಯೋ ಅವರೂ ಇಷ್ಟೇ ಚಿಕ್ಕೋರಿದ್ದರಲ್ಲ ಅನ್ಸುತ್ತೆ. ಆಗ ಮಾತ್ರ ಬಹಳ ದೊಡ್ಡ ಮನುಷ್ಯ. ಬಿಸಿಲಿಗೆ ಮುಖ ಟೊಮೇಟೊ ತರ ಕೆಂಪಾಗೋದು. ಸಾವನದುರ್ಗದಲ್ಲಿ ಕರಿಗುಡ್ಡ, ಬಿಳಿಗುಡ್ಡ ಅಂತ ಎರಡು ಗುಡ್ಡ ಇವೆ. ನಮ್ಮ ಹುಡುಗರು ಅವರಿಗೆ ಬಿಳಿಗುಡ್ಡ ಅಂತಲೇ ಹೆಸರಿಟ್ಟಿದ್ದರು. ಎದುರಿಗೆ ಮಾತ್ರ "ಗುಡ್ ಮಾರ್ನಿಂಗ್ ಸಾರ್".

ನಮ್ಮೂರ ಹಳಬರಿಗೆ ಇದು ಹೊಸದೇನಲ್ಲ. ಅರವತ್ತರ ದಶಕದಲ್ಲಿ ಅಮೆರಿಕದ ಪೀಸ್ ಕೋರ್ ಹುಡುಗರು ಮೈಸೂರು ರಾಜ್ಯದ ಹಳ್ಳಿಗಳಲ್ಲೆಲ್ಲ ಕೋಳಿ ಸಾಕಣೆ ಕಲಿಸ್ತಾ ಓಡಾಡಿದ್ದರಂತೆ. 1976ರ ಹೊತ್ತಿಗೆ ಅವರು ಭಾರತ ಬಿಟ್ಟು ಹೋದರು. ನಮ್ಮ ತಾತ ಇವರನ್ನು ನೋಡಿದಾಗೆಲ್ಲ "ಕೋಳಿ ಮೇಷ್ಟ್ರ ಕಡೆಯೋರಾ?" ಅಂತ ಕೇಳೋರು.

ಅವರಿಗೆ ಕನ್ನಡ ಬರದು, ನಮಗೆ ಇಂಗ್ಲಿಷ್ ಬರದು. ನಮ್ಮ ಇಂಗ್ಲಿಷ್ ಮೇಷ್ಟ್ರಿಗೂ ಅವರ ಉಚ್ಚಾರಣೆ ತಿಳೀತಿರಲಿಲ್ಲ, ಆದರೆ ಅದನ್ನು ಒಪ್ಪಿಕೊಳ್ತಿರಲಿಲ್ಲ. ನಾನು ಬೆಂಗಳೂರಿನ ಮಾವನ ಮನೆಯಲ್ಲಿ ಬೇಸಿಗೆ ರಜೆಗಳನ್ನು ಕಳೆದು ಟಿವಿ ನೋಡಿ ಒಂದಷ್ಟು ಮುರುಕು ಇಂಗ್ಲಿಷ್ ಕಲಿತಿದ್ದೆ. ಹಾಗಾಗಿ ದುಭಾಷಿ ಕೆಲಸ ನನ್ನ ಪಾಲಿಗೆ ಬಂತು. ಅವರು ಹೋದಲ್ಲೆಲ್ಲ ನಾನು. ಹೆಡ್‌ಮಾಸ್ಟರು ಕೂಡ "ಏನಂತಲಾ ಅವರು?" ಅಂತ ನನ್ನನ್ನು ಕೇಳಬೇಕು. ಹದಿನಾಲ್ಕು ವರ್ಷದ ಹುಡುಗನಿಗೆ ಅದು ಎಂಥ ಗತ್ತು ಅಂತೀರಿ! ಮುಂದೆ ನಾನು ಬಿಇ ಮಾಡಿದ್ದು, ಕ್ಲೈಂಟ್ ಕಾಲ್‌ಗಳಲ್ಲಿ ಧೈರ್ಯವಾಗಿ ಮಾತಾಡಿದ್ದು ಎಲ್ಲದರ ಬೇರು ಅಲ್ಲೇ ಇದೆ.

ಆ ವರ್ಷದ ಕ್ಯಾಂಪು ಆಗಸ್ಟಿನಲ್ಲೇ ಆಗಬೇಕಿತ್ತು. ಜುಲೈ 30ರ ರಾತ್ರಿ ಗಾಜನೂರಿನಲ್ಲಿ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಹೊತ್ತುಕೊಂಡು ಹೋದ. ಬೆಟ್ಟ, ಕಾಡು ಅಂದರೆ ಅಪ್ಪ ಅಮ್ಮಂದಿರು ಹೆದರಿ ಸಾಯೋ ಕಾಲ. 108 ದಿನ ಆದಮೇಲೆ ನವೆಂಬರ್ 15ಕ್ಕೆ ಅಣ್ಣಾವ್ರು ಬಿಡುಗಡೆ ಆದರು. ಡಿಸೆಂಬರಿನಲ್ಲಿ ನಮ್ಮ ಕ್ಯಾಂಪು ನಡೀತು. ಎರಡು ರಾತ್ರಿ, ಬೆಟ್ಟದ ಬುಡದಲ್ಲಿ. ನಲವತ್ತು ಹುಡುಗರು, ಮೂವರು ಮೇಷ್ಟ್ರು, ಒಬ್ಬ ಅಡುಗೆಯವನು, ಮತ್ತೆ ಇಂಗ್ಲೆಂಡ್ ಮೇಷ್ಟ್ರು.

ಅವರು ಇಂಗ್ಲೆಂಡಿನಿಂದ ಒಂದು ಟೆಂಟು ತಂದಿದ್ದರು. ನೀಲಿ ಬಣ್ಣದ್ದು, ಮಡಿಸಿದರೆ ದಿಂಬಿನಷ್ಟು. ನಾವು ಸಾವನದುರ್ಗದ ವೀರಭದ್ರಸ್ವಾಮಿ ಗುಡಿ ಹತ್ತಿರ ಜಮಖಾನ ಹಾಸಿ ಮಲಗೋರು, ಅವರು ಮಾತ್ರ ಟೆಂಟು ಹೊಡೀತೀನಿ ಅಂತ ಪಕ್ಕದ ಹಾಸುಬಂಡೆ ಮೇಲೆ ಗೂಟ ಇಟ್ಟು ಬಡಿದರು. ಅದು ನಮ್ಮ ರಾಮನಗರ, ಮಾಗಡಿ ಸೀಮೆಯ ಬಂಡೆ. ಭೂವಿಜ್ಞಾನದೋರು ಇದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಅಂತಾರೆ, ರಾಮನಗರದ ಹಳೇ ಹೆಸರು ಕ್ಲೋಸ್‌ಪೇಟೆ ಆದ್ದರಿಂದ. ಸುಮಾರು 250 ಕೋಟಿ ವರ್ಷದ್ದು. ಗೂಟ ಬಾಗಿ ಇಂಗ್ಲಿಷಿನ ಎಸ್ ಆಯ್ತು. ಇನ್ನೊಂದು ಗೂಟ, ಅದೂ ಎಸ್. ಹುಡುಗರು ಬಿದ್ದೂ ಬಿದ್ದೂ ನಕ್ಕರು. ಕೊನೆಗೆ ಒಬ್ಬ ಎದ್ದು ಹೋಗಿ ನಾಲ್ಕು ಗುಂಡುಕಲ್ಲು ಉರುಳಿಸಿಕೊಂಡು ಬಂದು, ಹಗ್ಗಾನ ಅದಕ್ಕೆ ಸುತ್ತಿ ಎಳೆದು ಕಟ್ಟಿದ. ಟೆಂಟು ನಿಂತುಬಿಟ್ಟಿತು. ಮೇಷ್ಟ್ರು ಅವನ ಕೈ ಕುಲುಕಿದರು.

ಅವನು ಕ್ಲಾಸಿನಲ್ಲಿ ನನ್ನ ಬೆಂಚಿನವನು. ಹೆಸರು ಬರೆಯೋದಿಲ್ಲ. ಬರೀಲಾ ಅಂತ ಅವನನ್ನು ಕೇಳಿಲ್ಲ. ಊರಾಚೆ ಕಾಲೋನಿಯವನು. ಲೆಕ್ಕದಲ್ಲಿ ನನಗಿಂತ ಚುರುಕು, ಇಂಗ್ಲಿಷಿನಲ್ಲಿ ನಾನು. ಪರೀಕ್ಷೆಯಲ್ಲಿ ಇಬ್ಬರೂ ಪೇಪರು ಓರೆ ಮಾಡಿ ಹಂಚಿಕೊಂಡು ಬರೆದು ಪಾಸಾಗ್ತಿದ್ದವರು.

ಸಾಯಂಕಾಲ ಮೇಷ್ಟ್ರು ಬೈನಾಕ್ಯುಲರ್ ತೆಗೆದರು. ಅವರಿಗೆ ಹಕ್ಕಿ ಹುಚ್ಚು. ಒಬ್ಬೊಬ್ಬರಿಗೂ ಕೊಟ್ಟು ನೋಡಿ ಅಂದರು. ದೂರದಲ್ಲಿ ಎರಡು ರಣಹದ್ದು ರೆಕ್ಕೆ ಬಡಿಯದೆ ಸುತ್ತು ಹಾಕ್ತಿದ್ದವು. ಅವರಿಗೆ ಮೈಮೇಲೆ ದೇವರು ಬಂದ ಹಾಗಾಯ್ತು. ಇವು ಎಲ್ಲಿ ಇಳೀತವೆ, ಏನು ತಿಂತವೆ, ಎಷ್ಟಿವೆ, ಯಾರಿಗಾದ್ರೂ ಗೊತ್ತಾ ಅಂತ ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ನನ್ನ ಬೆಂಚಿನವನು ಮುಂದೆ ಬಂದ.

"ನಮ್ಮಪ್ಪ ಸತ್ ದನ ಎಳ್ಕೊಂಡೋಗಿ ಹಳ್ಳದ್ ತಾವ ಹಾಕ್ತಾನಲ್ಲ, ಅಲ್ಗೆ ಬತ್ತವೆ ಅನ್ನು. ನಾನ್ ಚಿಕ್ಕೋನಿದ್ದಾಗ ಇಪ್ಪತ್ತು ಮೂವತ್ತು ಬರವು. ಚರ್ಮ ಬಿಡ್ಸೋಗಂಟ ಕಾಯ್ಕೊಂಡ್ ಕೂತಿರವು. ಈಗ ಎರಡೋ ಮೂರೋ. ಹೋದ್ವರ್ಷ ಒಂದು ಅಲ್ಲೇ ಕತ್ತು ಜೋಲು ಬಿಟ್ಕಂಡು ಕೂತಿತ್ತು, ಬೆಳಿಗ್ಗೆ ನೋಡುದ್ರೆ ಸತ್ತೋಗಿತ್ತು. ಯಾಕ್ ಹಿಂಗಾಯ್ತವೆ ಕೇಳು."

ಇಷ್ಟನ್ನು ಇಂಗ್ಲಿಷ್ ಮಾಡಬೇಕು. ಸತ್ತ ದನಕ್ಕೆ ಡೆಡ್ ಕೌ ಅನ್ನೋದು ನನಗೆ ಗೊತ್ತಿತ್ತು. ಆದರೆ ಅವನಪ್ಪ ಸತ್ತ ದನ ಎಳೀತಾರೆ ಅಂತ ಬಿಳಿ ಮೇಷ್ಟ್ರಿಗೆ ಹೇಳೋದಕ್ಕೆ ನಾಚಿಕೆ ಆಯ್ತು. ಅವನಿಗೆ ಇಲ್ಲದ ನಾಚಿಕೆ ನನಗೆ. ಸುತ್ತ ಹುಡುಗರು ಬೇರೆ ಮುಸಿಮುಸಿ ನಗ್ತಿದ್ದರು. "ಹಿ ಸೇಸ್, ಇನ್ ಫಾರೆಸ್ಟ್, ಸಾರ್" ಅಂದೆ. ಅಷ್ಟೇ. ಮೇಷ್ಟ್ರು ತಲೆ ಆಡಿಸಿ ಮತ್ತೆ ಆಕಾಶ ನೋಡಿದರು. ಇವನು ನನ್ನ ಮುಖ ನೋಡಿದ. "ಅಷ್ಟೇನಾ?" ಅಂದ.

ಇದನ್ನು ಇಷ್ಟು ನೆನಪಿಟ್ಟುಕೊಂಡು ಬರೆಯೋಕೆ ಕಾರಣ ಇದೆ. ದನಗಳಿಗೆ ನೋವಿಗೆ ಅಂತ ಕೊಡೋ ಡೈಕ್ಲೋಫಿನ್ಯಾಕ್ ಔಷಧ ರಣಹದ್ದುಗಳ ಕಿಡ್ನಿ ಹಾಳು ಮಾಡಿ ಕೊಲ್ಲುತ್ತೆ ಅಂತ ವಿಜ್ಞಾನಿಗಳು ಪತ್ತೆ ಮಾಡಿ ಪ್ರಕಟಿಸಿದ್ದು 2004ರಲ್ಲಿ. ಭಾರತ ಸರ್ಕಾರ ದನಗಳಿಗೆ ಅದನ್ನು ಕೊಡಬಾರದು ಅಂತ ತಂದದ್ದು 2006ರಲ್ಲಿ. ಶೋಲೆ ಸಿನಿಮಾ ತೆಗೆದ ನಮ್ಮ ರಾಮದೇವರ ಬೆಟ್ಟವನ್ನು ರಣಹದ್ದು ಧಾಮ ಅಂತ ಘೋಷಿಸಿದ್ದು 2012ರಲ್ಲಿ. ಆ ಸುದ್ದಿಯನ್ನು ನಾನು ಆಫೀಸಿನ ಕ್ಯಾಂಟೀನಿನಲ್ಲಿ ಕೂತು ಓದಿದೆ. ಒಂದು ಹುಡುಗ 2000ದಲ್ಲೇ ಕತ್ತು ಜೋಲುಬಿಟ್ಟ ಹದ್ದನ್ನು ನೋಡಿ, ಯಾಕೆ ಅಂತ ಕೇಳಿದ್ದ. ಅವನು ಕೇಳಿದ್ದನ್ನು ದಾಟಿಸಿದ್ದರೂ ಒಂದು ಹದ್ದೂ ಉಳೀತಿರಲಿಲ್ಲ ಬಿಡಿ. ಆದರೂ ಆ ಮೇಷ್ಟ್ರು ಅವನ ಜೊತೆ ಮಾರನೇ ದಿನ ಆ ಹಳ್ಳದ ತನಕ ಹೋಗಿರೋರು, ಅದರಲ್ಲಿ ಅನುಮಾನ ಇಲ್ಲ.

ರಾತ್ರಿ ಊಟ. ಈಗಿನ ಮಕ್ಕಳಿಗೆ ಒಂದು ವಿಷಯ ಹೇಳಬೇಕು. ಆಗಿನ್ನೂ ಬಿಸಿಯೂಟ ಇರಲಿಲ್ಲ. ಕರ್ನಾಟಕದಲ್ಲಿ ಅದು ಶುರುವಾಗಿದ್ದೇ 2002ರಲ್ಲಿ, ಹೈಸ್ಕೂಲಿಗೆ ಬಂದದ್ದು ಇನ್ನೂ ಕೆಲವು ವರ್ಷ ಆಮೇಲೆ. ನಾವು ಮಧ್ಯಾಹ್ನ ಡಬ್ಬಿ ಬಿಚ್ಚಿ ಎಲ್ಲೆಲ್ಲೋ ಮರದಡಿ ತಿನ್ನೋರು, ಹತ್ತಿರದವರು ಮನೆಗೆ ಓಡೋರು. ಅಂದರೆ ಶಾಲೆಯ ಎಲ್ಲಾ ಹುಡುಗರೂ ಒಂದೇ ಪಾತ್ರೆಯ ಊಟಕ್ಕೆ ಒಟ್ಟಿಗೆ ಕೂರೋ ಸಂದರ್ಭವೇ ಅದುವರೆಗೂ ಬಂದಿರಲಿಲ್ಲ. ಡಿಸೆಂಬರ್ ಅಂದರೆ ಮಾಗಡಿ ಅವರೆಕಾಯಿಯ ಕಾಲ, ಸೊಗಡಿನ ವಾಸನೆಗೇ ಹೊಟ್ಟೆ ಹಸಿಯುತ್ತೆ. ಅವರೆಕಾಳು ಸಾರು, ಮುದ್ದೆ. "ಸಾಲಾಗ್ ಕೂತ್ಕಳ್ರೋ" ಅಂದರು ಪೀಟಿ ಮೇಷ್ಟ್ರು. ಕೂತ್ವಿ. ಕಾಲೋನಿಯ ನಾಲ್ಕು ಜನ ಸಾಲಿಗೆ ಬರಲಿಲ್ಲ. ಹತ್ತು ಮಾರು ಆಚೆ, ಹುಣಸೆ ಮರದ ಕೆಳಗೆ, ಮನೆಯಿಂದ ತಂದ ತಟ್ಟೆ ಇಟ್ಟುಕೊಂಡು ಕೂತರು. ಯಾರೂ ಅವರಿಗೆ ಅಲ್ಲಿ ಕೂರಿ ಅನ್ನಲಿಲ್ಲ. ಇಲ್ಲಿ ಬನ್ನಿ ಅಂತಲೂ ಅನ್ನಲಿಲ್ಲ. ನನ್ನ ಬೆಂಚಿನವನೂ ಅಲ್ಲೇ.

ಇಂಗ್ಲೆಂಡ್ ಮೇಷ್ಟ್ರು ನನ್ನ ಪಕ್ಕ ಕೂತಿದ್ದರು. ಮುದ್ದೆಯನ್ನು ಅಗಿಯದೆ ನುಂಗೋದು ಹೇಗೆ ಅಂತ ಹುಡುಗರು ಅವರಿಗೆ ಕಲಿಸ್ತಾ ಇದ್ದರು. ಅವರು ತಲೆ ಎತ್ತಿ ಮರದ ಕಡೆ ನೋಡಿ, ಅವರು ಯಾಕೆ ಅಲ್ಲಿ ಕೂತಿದಾರೆ ಅಂತ ನನ್ನನ್ನು ಕೇಳಿದರು.

ನೋಡಿ, ಇಲ್ಲಿ ನನಗೆ ಇಂಗ್ಲಿಷ್ ಬರಲಿಲ್ಲ ಅನ್ನೋ ನೆಪ ಇಲ್ಲ. ಸಂವಿಧಾನದ 17ನೇ ವಿಧಿ ಏನು ಹೇಳುತ್ತೆ ಅಂತ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಬರೆದು ಎರಡಕ್ಕೆ ಎರಡು ಅಂಕ ತಗೊಂಡಿದ್ದೆ. ಅಸ್ಪೃಶ್ಯತೆಗೆ ಇಂಗ್ಲಿಷಿನಲ್ಲಿ ಏನಂತಾರೆ ಅಂತಲೂ ಬಾಯಿಪಾಠ ಇತ್ತು. ಎದುರಿಗೆ ಹೆಡ್‌ಮಾಸ್ಟರು ಕೂತಿದ್ದರು. ಪಕ್ಕದಲ್ಲಿ ನಮ್ಮ ಬೀದಿಯ ಹುಡುಗರು, ಅವರೆಲ್ಲ ಊರಿಗೆ ಹೋಗಿ ಹೇಳೋರೇ.

"ದೇ ಲೈಕ್, ಸಾರ್" ಅಂದೆ.

"ದೇ ಲೈಕ್ ಇಟ್ ದೇರ್?"

"ಎಸ್ ಸಾರ್. ದೇ ಲೈಕ್."

ಅವರು ಓ ಅಂದು, ತಟ್ಟೆ ಎತ್ತಿಕೊಂಡು ಎದ್ದು, ಸೀದಾ ಹೋಗಿ ಹುಣಸೆ ಮರದ ಕೆಳಗೆ ಕೂತರು. ಸಮಾಜ ಸುಧಾರಣೆ ಮಾಡೋಕೆ ಹೋದದ್ದಲ್ಲ ಅದು. ಅಲ್ಲಿ ಗಾಳಿ ಚೆನ್ನಾಗಿ ಬರುತ್ತೇನೋ, ಹುಡುಗರು ಒಳ್ಳೇ ಜಾಗ ಹಿಡಿದಿದಾರೆ ಅಂದುಕೊಂಡು ಹೋದದ್ದು, ಅಷ್ಟೇ. ಮೂವತ್ತಾರು ಹುಡುಗರ ಬಾಯಿ ನಿಂತುಹೋಯ್ತು. ಹೆಡ್‌ಮಾಸ್ಟರು ಮುದ್ದೆ ಮುರೀತಾ ಕೈ ಹಾಗೇ ಹಿಡಿದರು. ಅಡುಗೆಯವನು ಎರಡನೇ ಸುತ್ತು ಸಾರು ತಗೊಂಡು ಹೊರಟವನು ಮರದ ಹತ್ತಿರ ಹೋಗಿ ನಿಂತ. ಆ ನಾಲ್ಕು ತಟ್ಟೆಗೆ ಸೌಟನ್ನು ಮೇಲಿನಿಂದ ಹಿಡಿದು ಸುರೀತಿದ್ದ, ಈಗ ನಡುವೆ ಒಂದು ಬಿಳಿ ಕೈ ಇದೆ. ಮೇಷ್ಟ್ರ ತಟ್ಟೆಗೆ ಮಾತ್ರ ಬಗ್ಗಿ ಬಡಿಸಿದ. ಉಳಿದ ನಾಲ್ಕಕ್ಕೆ ಮತ್ತೆ ಮೇಲಿನಿಂದ. ಸಾರು ಚೆಲ್ಲಿ ಒಬ್ಬನ ಕಾಲಿಗೆ ಬಿತ್ತು.

ಅವರು ಅದನ್ನು ನೋಡಿದರು. ಅಡುಗೆಯವನನ್ನು ನೋಡಿದರು, ಆಮೇಲೆ ನಿಧಾನಕ್ಕೆ ತಿರುಗಿ, ಹತ್ತು ಮಾರು ಆಚೆಯಿಂದ ನನ್ನನ್ನು ನೋಡಿದರು. ಗದರಲಿಲ್ಲ, ಏನೂ ಅನ್ನಲಿಲ್ಲ. ಆ ಹೊತ್ತಿನಿಂದ ಅವರು ನನ್ನನ್ನು ಏನೂ ಕೇಳಲಿಲ್ಲ, ಅಷ್ಟೇ. ಕ್ಯಾಂಪಿನ ಉಳಿದ ದಿನವೂ, ಆಮೇಲೆ ಶಾಲೆಯಲ್ಲೂ. ಸನ್ನೆ ಮಾಡೋರು, ಬೋರ್ಡಿನ ಮೇಲೆ ಚಿತ್ರ ಬರೆಯೋರು, ಇಂಗ್ಲಿಷ್ ಮೇಷ್ಟ್ರ ಹತ್ತಿರ ಚೀಟಿ ಬರೆದು ಕೇಳೋರು. ನನ್ನ ಕೆಲಸ ಹೋಗಿತ್ತು.

ಮಾರನೇ ಬೆಳಿಗ್ಗೆ ಬೆಟ್ಟ ಹತ್ತೋದು. ಹೊರಡೋ ಮುಂಚೆ ಸಮಾಜದ ಮೇಷ್ಟ್ರು ಕೋಟೆಯ ಚರಿತ್ರೆ ಹೇಳಿದರು. ಮಾಗಡಿ ಕೆಂಪೇಗೌಡರ ವಂಶದವರ ಕೋಟೆ, 1728ರಲ್ಲಿ ಮೈಸೂರಿನವರ ಪಾಲಾಯ್ತು, 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನ ಕಡೆಯವರಿಂದ ಕಿತ್ತುಕೊಂಡಿತು ಅಂತ ಆವೇಶದಲ್ಲಿ ಹೇಳ್ತಾ ಹೇಳ್ತಾ, ಪಕ್ಕದಲ್ಲಿ ನಿಂತವರು ಆ ಕಡೆಯವರೇ ಅನ್ನೋದು ನೆನಪಾಗಿ ನಾಲಿಗೆ ಕಚ್ಚಿಕೊಂಡರು. ಇಂಗ್ಲಿಷ್ ಮೇಷ್ಟ್ರು ಹೇಗೋ ವಿವರಿಸಿದರು. ಇಂಗ್ಲೆಂಡಿನವರು ಎದೆ ಮೇಲೆ ಕೈ ಇಟ್ಟು "ಸಾರಿ" ಅಂದರು. ಎಲ್ಲರೂ ಚಪ್ಪಾಳೆ ಹೊಡೆದರು.

ಇನ್ನೊಂದು ಹೇಳೋದು ಮರೆತೆ. ಡೇವಿಡ್ ಲೀನ್ ಅವರ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರದ ಗುಹೆಗಳ ಭಾಗ ನಮ್ಮ ಈ ಬೆಟ್ಟಗಳಲ್ಲೇ ತೆಗೆದದ್ದು. 1984ರಲ್ಲಿ ಬಂದ ಸಿನಿಮಾ. ಅವರು ಅದನ್ನು ನೋಡಿದ್ದರು, ಗುಹೆ ಎಲ್ಲಿ ಅಂತ ಬಂದಾಗಿನಿಂದ ಹುಡುಕ್ತಿದ್ದರು. ಅದು ಬಿಳಿಯರೂ ನಮ್ಮೋರೂ ಸೇರಿ ಪಿಕ್‌ನಿಕ್ ಹೋಗಿ ಎಡವಟ್ಟಾಗೋ ಕತೆ ಅಂತ ನನಗೆ ಗೊತ್ತಾಗಿದ್ದು ಕಾಲೇಜಿಗೆ ಬಂದಮೇಲೆ.

ಕರಿಗುಡ್ಡಕ್ಕೆ ಮೆಟ್ಟಿಲಿಲ್ಲ. ಬರೀ ಬಂಡೆ, ಆನೆ ಬೆನ್ನಿನ ಹಾಗೆ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರ. ಬಿಳಿ ಬಣ್ಣದ ಗುರುತು ನೋಡ್ಕೊಂಡು ಹತ್ತಬೇಕು. ಕಾಲೋನಿ ಹುಡುಗರು ಆಡು ಮೇಯಿಸೋಕೆ ಬಂದು ಬಂದು ರೂಢಿ, ಬರಿಗಾಲಲ್ಲಿ ಮುಂದೆ ಓಡಿದರು. ಅವರ ಹಿಂದೆ ಇಂಗ್ಲೆಂಡ್ ಮೇಷ್ಟ್ರು. ನಾನು ಅರ್ಧದಲ್ಲಿ ಒಂದು ಸಲ ಹಿಂದೆ ತಿರುಗಿ ನೋಡಿದೆ, ಅಷ್ಟೇ. ಮಂಚನಬೆಲೆ ಕಡೆಯ ಕಣಿವೆ ಪೂರ್ತಿ ಗಿರಗಿರ ತಿರುಗಿತು. ಬಂಡೆ ಅವುಚಿಕೊಂಡು ಕೂತುಬಿಟ್ಟೆ. ಪೀಟಿ ಮೇಷ್ಟ್ರು ಬೈದರು, ಪುಸಲಾಯಿಸಿದರು, ಕೊನೆಗೆ ಇನ್ನಿಬ್ಬರು ಹೆದರುಪುಕ್ಕಲರ ಜೊತೆ ಒಂದು ಗಿಡದ ನೆರಳಲ್ಲಿ ಕೂರಿಸಿ ಹೋದರು. ಎರಡು ಗಂಟೆ ಅಲ್ಲೇ. ಮೇಲಿನಿಂದ ಕೂಗು, ನಗು ಕೇಳಿಸ್ತಿತ್ತು.

ಇಳಿಯುವಾಗ ನನ್ನ ಬೆಂಚಿನವನು ಮೊದಲು ಬಂದ. ಪಕ್ಕ ಕೂತ. ಬೆವೆತಿದ್ದ. ಒಂದು ಸಣ್ಣ ಕಲ್ಲನ್ನು ಕೆಳಗೆ ಉರುಳಿಸಿ, ಅದು ಹೋಗೋದನ್ನೇ ನೋಡ್ತಾ ಕೇಳಿದ:

"ನಮ್ಗೆ ಅಲ್ಲಿ ಕೂರಕ್ಕೆ ಇಷ್ಟ ಅಂತ ನಿಂಗ್ಯಾರ್ ಹೇಳುದ್ರು?"

ಅವನಿಗೆ ಅಷ್ಟು ಇಂಗ್ಲಿಷ್ ಬರ್ತಿತ್ತು. ಲೈಕ್ ಅನ್ನೋದು ಐದನೇ ಕ್ಲಾಸಿನ ಪದ. ನಾನು ಮಾತಾಡಲಿಲ್ಲ. ಅವನೂ ಉತ್ತರಕ್ಕೆ ಕಾಯಲಿಲ್ಲ, ಎದ್ದು ಇಳಿದುಹೋದ. ಸೋಮವಾರ ಕ್ಲಾಸಿಗೆ ಹೋದರೆ ಬೆಂಚು ಬದಲಾಯಿಸಿದ್ದ.

ಊರಿನಲ್ಲಿ ಸುದ್ದಿ ನನಗಿಂತ ಮುಂಚೆ ತಲುಪಿತ್ತು. ಬಿಳಿಯರ ಪಕ್ಕ ಕೂತ್ಕಂಡು ಉಣ್ಣೋ ಅಷ್ಟಾಗವೆ ಅಂತ ನಮ್ಮ ಬೀದಿಯ ಹೆಂಗಸರು ಮಾತಾಡಿಕೊಂಡರು. ಅವನಪ್ಪನ್ನ ಯಾರೋ ಕರೆಸಿ, ಮಗನಿಗೆ ಸ್ವಲ್ಪ ಹೇಳ್ಕೋ ಅಂದರಂತೆ. ಅವರು ಹೇಳೋಕೆ ಅಲ್ಲಿ ಇವನು ಮಾಡಿದ್ದಾದರೂ ಏನು? ಕೂತ ಜಾಗದಲ್ಲೇ ಕೂತಿದ್ದ. ಇದು ಇಂಗ್ಲೆಂಡ್ ಮೇಷ್ಟ್ರಿಗೆ ಗೊತ್ತಾಗಲೇ ಇಲ್ಲ. ಏಪ್ರಿಲಿನಲ್ಲಿ ಅವರು ಹೊರಟರು. ಹೋಗುವಾಗ ಬೈನಾಕ್ಯುಲರನ್ನು ಶಾಲೆಗೆ ಕೊಟ್ಟರು. ಅದು ಹೆಡ್‌ಮಾಸ್ಟರ ಬೀರುವಿನಲ್ಲಿ ಚಾಂಪಿಯನ್‌ಶಿಪ್ ಕಪ್ಪುಗಳ ಪಕ್ಕ ಕೂತಿತು. ನಾವ್ಯಾರೂ ಅದರಲ್ಲಿ ಮತ್ತೆ ನೋಡಲಿಲ್ಲ. ನಮ್ಮ ಅವ್ವ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ನೀನ್ ಎಲ್ಲಿ ಕೂತಿದ್ದೆ ಮಗ?" "ಸಾಲ್ನಲ್ಲೇ ಅವ್ವ" ಅಂದೆ. ಅವಳು ನಿಟ್ಟುಸಿರು ಬಿಟ್ಟಳು.

ಆಮೇಲೆ ಎಲ್ಲರ ಬದುಕಿನ ಹಾಗೇ. ನಾನು ಪಿಯುಸಿ, ಸಿಇಟಿ, ಬಿಇ ಅಂತ ಬೆಂಗಳೂರು ಸೇರಿದೆ. 2007ರಲ್ಲಿ ನಮ್ಮ ತಾಲ್ಲೂಕು ಬೆಂಗಳೂರು ಗ್ರಾಮಾಂತರದಿಂದ ಬಿಟ್ಟು ರಾಮನಗರ ಜಿಲ್ಲೆಗೆ ಸೇರಿತು. ಅವನು ಐಟಿಐ ಮಾಡಿ ಬಿಡದಿಯ ಒಂದು ಕಾರ್ಖಾನೆ ಸೇರಿದ. ಜಾತ್ರೆಯಲ್ಲೋ ಬಸ್ಸಿನಲ್ಲೋ ಸಿಕ್ಕಾಗ "ಏನ್ ಸಾಫ್ಟ್‌ವೇರು" ಅನ್ನೋನು. ನಾನು "ಏನಪ್ಪಾ" ಅನ್ನೋನು. ಅದಕ್ಕಿಂತ ಮುಂದೆ ಹೋಗ್ತಿರಲಿಲ್ಲ.

ಈ ವರ್ಷ ಮೇ ತಿಂಗಳಲ್ಲಿ ವಾಟ್ಸಾಪಿಗೆ ಒಂದು ಕಾರ್ಡು ಬಂತು. ಅವನ ಮನೆಯ ಗೃಹಪ್ರವೇಶ. ಕೆಳಗೆ ಅವನೇ ಟೈಪ್ ಮಾಡಿದ್ದ: ಬಾ.

ಹೋದೆ. ಕಾಲೋನಿಗೆ ನಾನು ಕಾಲಿಟ್ಟಿದ್ದು ಅದೇ ಮೊದಲು, ನಮ್ಮ ಮನೆಯಿಂದ ಅರ್ಧ ಕಿಲೋಮೀಟರ್ ಇಲ್ಲ. ಎರಡು ಅಂತಸ್ತು, ಟೈಲ್ಸು, ಬಾಗಿಲಿಗೆ ಚನ್ನಪಟ್ಟಣದ ಮರದ ಗೊಂಬೆಗಳ ತೋರಣ. ಅವನ ಮಗಳು ಅದನ್ನು ಎಳೀತಾ ಇದ್ದಳು. ಮಹಡಿ ಮೇಲೆ ಶಾಮಿಯಾನ, ಟೇಬಲ್ ಊಟ. ಅವನೇ ಬಕೆಟ್ ಹಿಡಿದು ಬಡಿಸ್ತಿದ್ದ. ಅಲ್ಲಿಂದಲೂ ಬೆಟ್ಟ ಚೆನ್ನಾಗಿ ಕಾಣ್ತಿತ್ತು. ನನ್ನ ಎಲೆ ಹತ್ತಿರ ಬಂದು ನಿಂತಾಗ ಇನ್ನು ತಡೆಯೋಕಾಗಲಿಲ್ಲ.

"ಲೋ, ಆವತ್ತು ಕ್ಯಾಂಪಲ್ಲಿ ನಾನು..." ಅಂದೆ.

"ಮೊದ್ಲು ಉಣ್ಣು" ಅಂದ. ಬಗ್ಗಿ, ಎಲೆ ಮೇಲೆ ಸಾರು ಬಿಟ್ಟ. ಮುಂದಿನ ಎಲೆಗೆ ಹೋದ. ಕೈ ತೊಳೆದು ಇಳಿಯುವಾಗ ತಾಂಬೂಲದ ಚೀಲ ಕೊಟ್ಟು, "ಈಗ ಹದ್ದೂ ಇಲ್ಲ ಕಣೋ ಹಳ್ಳದ್ ತಾವ. ನಮ್ಮಪ್ಪನೂ ಇಲ್ಲ" ಅಂದ. ಅಷ್ಟೇ ಮಾತು. ಹಿಂದೆ ಇನ್ಯಾರೋ ನೆಂಟರು ಬಂದರು.

ತಾಂಬೂಲದ ಚೀಲವನ್ನು ಕಾರಿನ ಡಿಕ್ಕಿಯಲ್ಲಿ ಲ್ಯಾಪ್‌ಟಾಪ್ ಬ್ಯಾಗಿನ ಕೆಳಗೆ ಇಟ್ಟು ಮನೆಗೆ ಬಂದೆ. ಅವ್ವ ಜಗುಲಿ ಮೇಲೆ ಕೂತು ರಾಗಿ ಕೇರ್ತಿದ್ದಳು. ಎಪ್ಪತ್ತಾಯ್ತು ಅವಳಿಗೆ, ಬಿಪಿ ಮಾತ್ರೆ ತಗೊಳ್ತಾಳೆ.

"ಆ ಮನೆಗೋಗಿದ್ಯಂತೆ?"

"ಹೂಂ ಅವ್ವ. ಕಾರ್ಡ್ ಕಳಿಸಿದ್ದ."

ಮೊರ ಕೆಳಗಿಟ್ಟಳು. "ಊಟ ಮಾಡ್ದ?"

ಮೂವತ್ತಮೂರು ವರ್ಷ ನನಗೆ. ಆರು ಜನ ನನ್ನ ಕೈಕೆಳಗೆ ಕೆಲಸ ಮಾಡ್ತಾರೆ.

"ಇಲ್ಲವ್ವ" ಅಂದೆ. "ಹಂಗೆ ಮಾತಾಡ್ಸ್ಕಂಡ್ ಬಂದೆ."

ಅವಳ ಮುಖ ಅರಳಿತು. ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋಗಿ ತಟ್ಟೆ ಹಾಕಿದಳು. ಬಿಸಿ ಮುದ್ದೆ, ಉಪ್ಸಾರು. ಹೊಟ್ಟೆಯಲ್ಲಿ ಜಾಗ ಇರಲಿಲ್ಲ. ಅವಳು ಎದುರಿಗೇ ಕೂತು ನೋಡ್ತಿದ್ದಳು, ಪೂರ್ತಿ ಉಂಡೆ.